ಅಣ್ಣ ತಂದ ಅಮೆರಿಕದ ಪ್ಲೇಟುಗಳು

ಅಣ್ಣ ಕೊನೆಯದಾಗಿ ಕೇಳಿದ ಹಾಡು ಯಾವುದೆಂದು ನನಗೆ ಗೊತ್ತು ಅಂತ ಬಹಳ ವರ್ಷ ನಂಬಿದ್ದೆ. ಆ ಹಾಡಿನಲ್ಲಿ ಲಾರಿ ಓಡಿಸುವವನೊಬ್ಬ ಮನೆಗೆ ಹೊರಟಿದ್ದಾನೆ, ರಸ್ತೆ ಮುಗಿಯುತ್ತಿಲ್ಲ. ದಪ್ಪ ದನಿಯ ಗಾಯಕ, ಹಿಂದೆ ಎಳೆದೆಳೆದು ಅಳುವ ಗಿಟಾರು. ಆಮೇಲೆ ಯಾವುದೋ ಊರಿನ ಲೈಬ್ರರಿಯಲ್ಲಿ ಅಮೆರಿಕದ ಕಂಟ್ರಿ ಸಂಗೀತದ ಮೇಲೊಂದು ಪುಸ್ತಕ ಸಿಕ್ಕಿತು. ಯಾವ ಹಾಡನ್ನು ಯಾರು, ಯಾವಾಗ ರೆಕಾರ್ಡ್ ಮಾಡಿದರು ಎಂಬುದೆಲ್ಲ ಅದರಲ್ಲಿತ್ತು. ನಾನು ನಂಬಿಕೊಂಡಿದ್ದ ಹಾಡು ಅಣ್ಣ ಸತ್ತ ಮೇಲೆ ಬಂದದ್ದು. ಹಾಗಾದರೆ ಜವನಗೊಂಡನಹಳ್ಳಿಯ ನಮ್ಮ ಪಡಸಾಲೆಯಲ್ಲಿ ತಿರುಗುತ್ತಿದ್ದದ್ದು ಯಾವುದು? ಖಚಿತವಾಗಿ ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ ಎಂದು ಹೊರಟರೆ ಬರೆಯಲು ಏನೂ ಉಳಿಯುವುದಿಲ್ಲ. ಆದ್ದರಿಂದ ನೆನಪಿರುವಂತೆ ಬರೆಯುತ್ತಿದ್ದೇನೆ.

ಅಣ್ಣ ಬೆಂಗಳೂರು–ಬಾಂಬೆ ರಸ್ತೆಯಲ್ಲಿ ಲಾರಿ ಓಡಿಸುತ್ತಿದ್ದ. ನಮ್ಮದು ಕುರಿ ಸಾಕುವ ಮನೆತನ. ಅಪ್ಪ ತೀರಿಕೊಂಡ ಮೇಲೆ ಕುರಿ ಮಾರಿ ಅವನು ಸ್ಟೇರಿಂಗ್ ಹಿಡಿದ, ನನ್ನನ್ನು ಮೈಸೂರಿಗೆ ಓದಲು ಕಳಿಸಿದ. ಬಾಂಬೆಯಲ್ಲಿ ಲೋಡಿಗಾಗಿ ಕಾಯುವಾಗ ಒಬ್ಬ ಗೋವಾದವನ ಗ್ಯಾರೇಜಿನಲ್ಲಿ ಬಿದ್ದುಕೊಳ್ಳುತ್ತಿದ್ದನಂತೆ. ಅಲ್ಲಿ ದಿನವಿಡೀ ಈ ಹಾಡುಗಳು. ಒಂದು ಸಲ ಬರುವಾಗ ಬ್ಯಾಟರಿ ಹಾಕಿ ಓಡಿಸುವ ಹಳೆಯ ರೆಕಾರ್ಡ್ ಪ್ಲೇಯರನ್ನೂ ಒಂದಿಷ್ಟು ಪ್ಲೇಟುಗಳನ್ನೂ ತಂದ. ಅವನಿಗೆ ಇಂಗ್ಲಿಷ್ ಅಕ್ಷರವೂ ಬಾರದು. ಗಾಯಕರಿಗೆ ತಾನೇ ಹೆಸರಿಟ್ಟಿದ್ದ. ದಪ್ಪ ದನಿಯವನು 'ಜೈಲಿನೋನು', ಜೈಲಿನಲ್ಲಿ ನಿಂತು ಹಾಡಿದ್ದನೆಂದು ಗೋವಾದವನು ಹೇಳಿದ್ದನಂತೆ. ಕಿವಿಯ ಹತ್ತಿರ ಬಂದು ಮಾತಾಡಿದಂತೆ ಹಾಡುವವನು 'ಮೆತ್ತನೋನು'. ಗಂಡನನ್ನು ಬೈಯುತ್ತಲೇ ಅವನಿಗಾಗಿ ಅಳುವವಳು 'ಅಕ್ಕ'. ಇನ್ನೊಬ್ಬ ನಡುನಡುವೆ ಗಂಟಲು ಒಡೆದು ಮೇಲಕ್ಕೆ ಹಾರಿಸುತ್ತಿದ್ದ. ಅವನು 'ಕುರಿಯೋನು', ಏಕೆಂದರೆ ನಮ್ಮವರು ದೂರದ ಹಿಂಡನ್ನು ಕರೆಯುವುದೂ ಹಾಗೆಯೇ.

ಐಮಂಗಲದ ಹತ್ತಿರ ಲಾರಿ ಮಗುಚಿತು. ತುರ್ತು ಪರಿಸ್ಥಿತಿಗೆ ಮುಂಚೆಯೋ, ಶುರುವಾದ ಮೇಲೋ, ಈಗ ಹೇಳಲಾರೆ. ನಾನು ಎಂ.ಎ. ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದೆ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದು ಹಿಂದಿರುಗಿದಾಗ ಅಣ್ಣನಿಗೆ ಸೊಂಟದ ಕೆಳಗೆ ಸ್ವಾಧೀನವೇ ಇರಲಿಲ್ಲ. ಕಾಲಿಗೆ ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಡಾಕ್ಟರು ನನ್ನೊಬ್ಬನನ್ನೇ ಕರೆದು, ಹುಣ್ಣಾಗದಂತೆ ನೋಡಿಕೊಳ್ಳಿ, ಚೆನ್ನಾಗಿ ಊಟ ಮಾಡಿಸಿ, ಊಟ ಬಿಟ್ಟರೆ ಉಳಿಯುವುದಿಲ್ಲ ಎಂದಿದ್ದರು. ಅಣ್ಣ ಊಟವನ್ನೇ ಬಿಟ್ಟ. ಮಾತೂ ಬಿಟ್ಟ. ಅವ್ವ ಅಂಬಲಿಯ ಲೋಟ ಹಿಡಿದು ಗಂಟೆಗಟ್ಟಲೆ ಕೂತಿರುತ್ತಿದ್ದಳು. ಅವನು ಗೋಡೆಯ ಕಡೆ ತಿರುಗಿರುತ್ತಿದ್ದ.

ಅವನಿಗಾಗಿ ಪ್ಲೇಯರ್ ಹಾಕಿದೆ ಎಂದು ಹೇಳಿಕೊಂಡರೆ ಅದು ಸುಳ್ಳಾದೀತು. ನನಗೆ ಆ ಮನೆಯ ಮೌನ ತಡೆಯಲಾಗಿರಲಿಲ್ಲ, ಅಷ್ಟೆ. ಹಾಡು ಅರ್ಧಕ್ಕೆ ಬಂದಾಗ ಗೋಡೆಯ ಕಡೆಯಿಂದ ಮಾತು ಬಂತು.

"ಸೌಂಡ್ ಜಾಸ್ತಿ ಮಾಡಲೇ."

ಬಾಯಿ ತೆರೆದದ್ದೇ ಸಾಕೆಂದು ಅವ್ವ ಒಂದು ತುತ್ತು ಮುದ್ದೆ ಇಟ್ಟುಬಿಟ್ಟಳು. ನುಂಗಿದ. ಅಂದಿನಿಂದ ಅದೇ ನಮ್ಮ ಮನೆಯ ಕ್ರಮವಾಯಿತು. ಪ್ಲೇಟು ತಿರುಗುವಷ್ಟು ಹೊತ್ತು ಊಟ, ನಿಂತರೆ ಊಟವೂ ನಿಂತಿತು. ಅವ್ವನಿಗೆ ಆ ದನಿ ಕಂಡರಾಗದು. "ಮನ್ಯಾಗೆ ಕಾಯ್ಲೆ ಮಲಗಿರೋವಾಗ ಈ ಅಳೋ ಪೆಟ್ಟಿಗೆ ಬ್ಯಾರೆ" ಎಂದು ಗೊಣಗುತ್ತಲೇ ತಿನ್ನಿಸುತ್ತಿದ್ದಳು.

ಅಣ್ಣ ನನ್ನಿಂದ ಅರ್ಥ ಕೇಳುತ್ತಿದ್ದ. ನಾನು ಪುಸ್ತಕದಲ್ಲಿ ಓದಿದ ಇಂಗ್ಲಿಷಿಗೂ ಅವರು ಮೂಗಿನಲ್ಲಿ ಎಳೆಯುವ ಇಂಗ್ಲಿಷಿಗೂ ಸಂಬಂಧವಿರಲಿಲ್ಲ.

"ಏನಂತಾನಲೇ ಜೈಲಿನೋನು?"

"ಮನೆಗೆ ಹೋಗ್ಬೇಕಂತೆ. ಹೊರಗೆ ರೈಲು ಹೋಗೋ ಸದ್ದು ಕೇಳಿಸ್ತತಂತೆ."

"ಆಮೇಲೆ?"

"ತಿಳೀಲಿಲ್ಲ."

"ಮೈಸೂರಾಗೆ ಅಷ್ಟು ವರ್ಷ ಏನ್ ಕಿಸಿದೆ ನೀನು? ರೈಲು ತಿಳೀತು, ಅದು ಎತ್ಲಾಗೆ ಹೋತು ಅನ್ನೋದು ತಿಳೀಲಿಲ್ಲ!"

ಹೀಗೆ ಬೈಯುವಷ್ಟು ಕಸುವು ಬಂದಿತೆಂದು ನನಗೆ ಒಳಗೊಳಗೇ ಆಸೆ ಹುಟ್ಟುತ್ತಿತ್ತು. ಆದರೆ ಬೆನ್ನಿನ ಹುಣ್ಣು ತೊಳೆಯುವಾಗ ಆ ಆಸೆ ಹೋಗಿಬಿಡುತ್ತಿತ್ತು. ಹುಣ್ಣು ಅಗಲವಾಗುತ್ತಲೇ ಇತ್ತು.

ನಮ್ಮ ಕಡೆ ಸಾವಾದಾಗ ಹೆಂಗಸರು ಸುಮ್ಮನೆ ಅಳುವುದಿಲ್ಲ; ಸತ್ತವರ ಗುಣ ಎತ್ತಿ, ರಾಗ ಎಳೆದು, ಹಾಡಿಕೊಂಡು ಅಳುತ್ತಾರೆ. ಆ ಗಿಟಾರಿನ ಎಳೆತ ಅದರ ಹಾಗೆಯೇ ಇತ್ತು. ಒಂದು ಮಧ್ಯಾಹ್ನ ಅವ್ವ ಬಟ್ಟೆ ಒಗೆಯಲು ಹೋಗಿದ್ದಳು. ಅಣ್ಣ 'ಅಕ್ಕ'ನ ಪ್ಲೇಟು ಹಾಕಿಸಿ ದನಿ ಪೂರ್ತಿ ಏರಿಸಲು ಹೇಳಿದ್ದ. ಬಿಸಿಲಿಗೆ ಬಾಗಿಲು ಮುಚ್ಚಿತ್ತು. ಇದ್ದಕ್ಕಿದ್ದಂತೆ ಬಾಗಿಲು ತಳ್ಳಿಕೊಂಡು ಕೇರಿಯ ಹೆಂಗಸರೆಲ್ಲ ಒಳಗೆ ಬಂದರು. ನೋಡುವ ಮುಂಚೆಯೇ ಅಳು ಶುರು ಮಾಡಿದ್ದರು. ಪಕ್ಕದ ಮನೆಯ ಅಜ್ಜಿ ಅಣ್ಣನ ಎದೆಯ ಮೇಲೆ ಬಿದ್ದು, "ಲಾರಿ ತುಂಬ ಈರುಳ್ಳಿ ತಂದು ಕೇರಿಗೆಲ್ಲ ಹಂಚಿದೋನೇ" ಎಂದು ಹಾಡತೊಡಗಿದಳು.

"ಅಜ್ಜೀ, ಎದೆ ಮ್ಯಾಲಿಂದ ಏಳು. ಉಸಿರು ಕಟ್ಟಿ ನಿಜವಾಗ್ಲೂ ಹೋಗ್ತೀನಿ" ಅಂದ ಅಣ್ಣ.

ಅಜ್ಜಿ ಹಾರಿ ಎದ್ದಳು. "ಅಯ್ಯೋ ನಿನ್ ಪೆಟ್ಟಿಗೆಗೆ ಬೆಂಕಿ ಹಾಕ! ನಿಮ್ಮವ್ವ ಅಳ್ತಾವ್ಳೆ ಅಂದ್ಕಂಡ್ನಲ್ಲೋ!"

"ಅವ್ರ ದೇಸದಾಗೆ ಕಾಸು ಕೊಟ್ಟು ಅಳಿಸ್ಕಂತಾರೆ ಅಜ್ಜಿ. ನೀನು ಬಿಟ್ಟಿ ಅತ್ತೆ."

ಹೆಂಗಸರು ಕಣ್ಣೊರೆಸಿಕೊಂಡೇ ನಕ್ಕರು. ಅಣ್ಣನೂ ನಕ್ಕ. ಅಪಘಾತದ ಮೇಲೆ ಅವನು ನಕ್ಕದ್ದು ಅದೊಂದೇ ಸಲ ಎಂದು ನನ್ನ ನೆನಪು. ಅವ್ವ ಇನ್ನೂ ಬೇಕಾದಷ್ಟು ಸಲ ನಕ್ಕಿದ್ದ ಅನ್ನುತ್ತಿದ್ದಳು.

ಆದರೆ ಅವ್ವನ ತಲೆಯಲ್ಲಿ ಆ ದಿನ ಬೇರೊಂದು ಯೋಚನೆ ಹೊಕ್ಕಿತು. ಯಾರದಾದರೂ ತಲೆಗೆ ಕಾಗೆ ಬಡಿದರೆ ನಮ್ಮಲ್ಲಿ ಪರವೂರಿನ ನಂಟರಿಗೆ ಅವರು ಸತ್ತರೆಂದು ಸುಳ್ಳು ಸುದ್ದಿ ಕಳಿಸುತ್ತಾರೆ. ನಂಟರು ಮನಸಾರೆ ಅತ್ತ ಮೇಲೆ ನಿಜ ಹೇಳುತ್ತಾರೆ. ಅತ್ತಾಯಿತಲ್ಲ, ಸಾವಿನ ಕಂಟಕ ಕಳೆಯಿತು ಎಂದು ಲೆಕ್ಕ.

"ಕೇರಿಯೋರು ಅತ್ರೆ ಸಾಲ್ದು. ಒಡಹುಟ್ಟಿದೋಳು ಅಳ್ಬೇಕು. ಶ್ರೀರಾಂಪುರಕ್ಕೆ ಹೋಗಿ ಅಕ್ಕಂಗೆ ಹೇಳಿ ಬಾ" ಅಂದಳು ಅವ್ವ.

ಶ್ರೀರಾಂಪುರದಲ್ಲಿದ್ದವಳು ನಮ್ಮ ಸ್ವಂತ ಅಕ್ಕ. ಅಣ್ಣನಿಗಿಂತ ಒಂದೆರಡು ವರ್ಷ ದೊಡ್ಡವಳು. ನಾನು ತರ್ಕಶಾಸ್ತ್ರ ಓದಿದವನು. ಕಾಗೆ, ಕಂಟಕ ಯಾವುದನ್ನೂ ನಂಬದವನು. ಆದರೂ ಮರುದಿನ ಹಿರಿಯೂರು, ಹೊಸದುರ್ಗ ಎಂದು ಬಸ್ಸು ಬದಲಿಸಿಕೊಂಡು ಹೋದೆ. ಹುಣ್ಣನ್ನು ದಿನಾ ತೊಳೆಯುತ್ತಿದ್ದವನು ನಾನೇ. ನನ್ನ ತರ್ಕದಲ್ಲಿ ಬೇರೆ ಔಷಧಿ ಇರಲಿಲ್ಲ.

ಅಕ್ಕ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. "ಅಣ್ಣ ಹೋದ ಕಣಕ್ಕ, ಬೆಳಿಗ್ಗೆ" ಅಂದೆ. ಮೊರ ಬಿತ್ತು. ಅವಳು ಅತ್ತದ್ದನ್ನು ವರ್ಣಿಸಲಾರೆ. ಇಷ್ಟು ಹೊತ್ತು ಸಾಕೇ, ಇನ್ನೂ ಬೇಕೇ ಎಂದು ಯೋಚಿಸುತ್ತ ನಿಂತಿದ್ದೆ. ನಿಜ ಹೇಳಿದಾಗ ಅವಳು ಮೊದಲು ನನ್ನ ಕೆನ್ನೆಗೆ ಬಾರಿಸಿದಳು. ಆಮೇಲೆ ತಬ್ಬಿಕೊಂಡಳು. "ಮೂದೇವಿ, ಇನ್ನೊಂದ್ ಗಳಿಗೆ ಬಿಟ್ಟಿದ್ರೆ ಬಾವಿಗೆ ಬೀಳ್ತಿದ್ದೆ" ಎಂದು ನಗುತ್ತ ಕಣ್ಣೊರೆಸಿಕೊಂಡಳು. ಊಟಕ್ಕೆ ಬಡಿಸಿ ಪೆಟ್ಟಿಗೆಯ ಕತೆ ಕೇಳಿದಳು. ಅಜ್ಜಿ ಎದೆಯ ಮೇಲೆ ಬಿದ್ದದ್ದನ್ನು ಎರಡೆರಡು ಸಲ ಹೇಳಿಸಿದಳು.

ಕೆಲವು ದಿನ ಅಣ್ಣ ಹಾಡಿಲ್ಲದೆಯೂ ಉಂಡ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು: ಈಗೇನಂತೀಯ ಎನ್ನುವಂತೆ. ಆಮೇಲೆ ಜ್ವರ ಬಂತು, ಬಿಡಲಿಲ್ಲ. ಹಿರಿಯೂರಿನಿಂದ ಡಾಕ್ಟರನ್ನು ಕರೆತಂದೆ. ಅವರು ಹುಣ್ಣು ನೋಡಿ ಬಟ್ಟೆ ಮುಚ್ಚಿದರು. ಜ್ವರದಲ್ಲಿ ಅಣ್ಣ ಜೈಲಿನೋನನ್ನು ಹಾಕು ಅನ್ನುತ್ತಿದ್ದ, ಹಾಕಿದರೆ ಇವನಲ್ಲ ಅನ್ನುತ್ತಿದ್ದ. ಇರುವ ಪ್ಲೇಟುಗಳನ್ನೆಲ್ಲ ಒಂದಾದ ಮೇಲೊಂದು ಹಾಕಿದೆ. ಯಾವುದೂ ಅವನಿಗೆ ಬೇಕಾದವನ ದನಿಯಾಗಿರಲಿಲ್ಲ. ಒಂದು ಬೆಳಿಗ್ಗೆ, ಹೊತ್ತು ಏರುವ ಮುಂಚೆ ಅವನು ಹೋದ. ಆಗ ಯಾವ ಪ್ಲೇಟು ತಿರುಗುತ್ತಿತ್ತು, ಯಾವುದಾದರೂ ತಿರುಗುತ್ತಿತ್ತೇ, ಹೇಳಲಾರೆ.

ಸಂಜೆಯೊಳಗೆ ಮಣ್ಣು ಮಾಡಬೇಕು, ಅಕ್ಕ ಮುಖ ನೋಡಬೇಕು. ಮತ್ತೆ ನಾನೇ ಹೊರಟೆ.

ಅಕ್ಕ ನನ್ನನ್ನು ಕಂಡವಳೇ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನಪ್ಪ, ಮತ್ತೆ ಸತ್ನಾ?"

"ಹೂಂ ಅಕ್ಕ. ಬೆಳಿಗ್ಗೆ."

"ಹೋದ್ ಸಲಾನೂ ಬೆಳಿಗ್ಗೆ ಅಂದಿದ್ದೆ. ಮುಖಾನೂ ಹಿಂಗೇ ಮಾಡ್ಕಂಡಿದ್ದೆ. ಈ ಸಲ ಎಷ್ಟೊತ್ತು ಅಳ್ಬೇಕಂತೆ ಅವ್ವಂಗೆ?"

"ಇಲ್ಲಕ್ಕ. ನಿಜ. ಹೊರಡು."

"ಬರ್ತೀನಿ ಬಿಡು. ಅವನ್ನ ನೋಡಿ ನಂಗೂ ಬಾಳ ದಿನ ಆತು."

'ನಿಜ' ಅನ್ನುವುದಕ್ಕಿಂತ ನಿಜವಾದ ಮಾತು ನನ್ನ ಬಳಿ ಇರಲಿಲ್ಲ. ಇದ್ದ ಮಾತುಗಳನ್ನೆಲ್ಲ ಹಿಂದಿನ ಸಲವೇ ಆಡಿಬಿಟ್ಟಿದ್ದೆ. ಅವಳು ಸೀರೆ ಬದಲಿಸಿದಳು, ಅಣ್ಣನಿಗೆ ಇಷ್ಟವೆಂದು ಹುರಿಗಾಳನ್ನೂ ಬೆಲ್ಲವನ್ನೂ ಬಟ್ಟೆಯಲ್ಲಿ ಕಟ್ಟಿಕೊಂಡಳು. ಬೇಗ ಬಾ ಅಂದರೆ, "ಬಾಳ ಚೆನ್ನಾಗಿ ನಾಟ್ಕ ಆಡ್ತೀಯ" ಅಂದಳು.

ಹೊಸದುರ್ಗದಿಂದ ಬಸ್ಸಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಲೇ ಇದ್ದಳು. "ಆ ಕುರಿ ಕರಿಯೋನು ಅವ್ರ ದೇಸದಾಗೂ ಕುರಿ ಕಾಯ್ತಾನೇನೋ?" ಗೊತ್ತಿಲ್ಲ ಅಂದೆ. "ಗಂಡನ್ನ ಬೈಯೋಳು ಇದಾಳಲ್ಲ, ಅವ್ಳ ಹಾಡು ನಂಗೂ ಕೇಳಿಸ್ಬೇಕು ನೋಡು ಇವತ್ತು." ಹೂಂ ಅಂದೆ. ಆಮೇಲೆ ಕಿಟಕಿಯ ಕಡೆ ತಿರುಗಿದೆ. ಅವಳು ಇನ್ನೊಂದು ಪ್ರಶ್ನೆ ಶುರು ಮಾಡಿ ಅರ್ಧಕ್ಕೆ ಬಿಟ್ಟಳು. ನನ್ನ ಮುಖದಲ್ಲಿ ಏನು ಕಂಡಳೋ, ಅಥವಾ ನಾನು ಟಿಕೆಟ್ಟಿನ ಚಿಲ್ಲರೆಯನ್ನು ಕಂಡಕ್ಟರನ ಕೈಯಿಂದ ತೆಗೆದುಕೊಳ್ಳದೆ ಕೂತದ್ದನ್ನು ನೋಡಿದಳೋ, ತಿಳಿಯದು.

ಹಿರಿಯೂರಿನಲ್ಲಿ ಬಸ್ಸು ಬದಲಿಸಲು ಇಳಿದು ಸ್ವಲ್ಪ ಹೊತ್ತು ಕೂತೆವು. ನಮ್ಮೂರಿನ ಬಸ್ಸು ಬಂತು. ಅಕ್ಕ ಮುಂದೆ ನಡೆದಳು. ಹುರಿಗಾಳಿನ ಗಂಟು ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಉಳಿದಿತ್ತು.

"ಅಕ್ಕಾ, ಗಂಟು" ಅಂದೆ.

"ಇರ್ಲಿ ಬಿಡು" ಅಂದಳು, ಹಿಂದಿರುಗಿ ನೋಡದೆ.