ನಾಲ್ಕು ಬೆರಳು ಎತ್ತರದ ಹ್ಯಾಂಡಲ್

ಮೇಷ್ಟರ ಕೆಲಸದಿಂದ ನಿವೃತ್ತನಾದ ವರ್ಷ, ಯಾರ ಮಾತನ್ನೂ ಕೇಳದೆ ದೂರ ಪ್ರಯಾಣದ ಸೈಕಲ್ಲೊಂದನ್ನು ಕೊಂಡೆ. ಹಿಂದಿನ ಕ್ಯಾರಿಯರಿನ ಎರಡೂ ಬದಿಗೆ ಕಪ್ಪು ಚೀಲ, ಮುಂದೆ ಬಗ್ಗಿ ಹಿಡಿಯಬೇಕಾದ ಹ್ಯಾಂಡಲ್. ರೆಸಾರ್ಟುಗಳಿಗೆ ಬರುವವರು ಇಂಥ ಸೈಕಲ್ಲಿನ ಮೇಲೆ ಅರ್ಧ ಮಲಗಿದಂತೆ ಹೋಗುವುದನ್ನು ಬೀಚನಹಳ್ಳಿಯಲ್ಲಿ ನೋಡಿದ್ದೆ. ಅಂದಿನಿಂದ ನನಗೂ ಹುಚ್ಚು ಹಿಡಿದಿತ್ತು. ಕೇರಳಕ್ಕೆ ಹೋಗುತ್ತೇನೆ, ಕೊಡಗು ಸುತ್ತುತ್ತೇನೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದೆ. ಹೋಗುತ್ತಿದ್ದದ್ದು ಮಾತ್ರ ವಾರಕ್ಕೊಮ್ಮೆ, ಸಂತೆಯ ದಿನ, ನಮ್ಮೂರು ಕೋಟೆಯಿಂದ ಅಂತರಸಂತೆಯ ಅಕ್ಕನ ಮನೆಗೆ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ಗದ್ದೆಗೆ ಹೋದಾಗಲೆಲ್ಲ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ತುಂಬಿರುವ ಮನೆ ಅವಳದು. ನಾನು ಹೋಗದಿದ್ದರೆ ಅಲ್ಲಿ ಯಾರ ಊಟವೂ ನಿಲ್ಲುವುದಿಲ್ಲ. ನನಗೇ ಆ ದಿನ ತಪ್ಪಿದರೆ ವಾರವೆಲ್ಲ ಮಂಕು. ಬಸ್ಸು ಹತ್ತಿದರೆ ಊರಾಚೆಯ ಹ್ಯಾಂಡ್‌ಪೋಸ್ಟ್ ಸರ್ಕಲ್ಲು ದಾಟುವಷ್ಟರಲ್ಲಿ ವಾಂತಿ, ಬೈಕು ಕಲಿಯಲೇ ಇಲ್ಲ. ಸೈಕಲ್ ನಿಂತರೆ ಅಕ್ಕನ ಮನೆಯ ದಾರಿಯೂ ನಿಂತಂತೆ.

ಎರಡು ವರ್ಷವಾಗುವಷ್ಟರಲ್ಲಿ ಅದು ನಿಲ್ಲುವ ಹಾಗೇ ಆಯಿತು. ಕತ್ತು ಹಿಡಿದುಕೊಂಡಿತು, ಬಲಗೈಯ ಬೆರಳುಗಳು ಜೋಮು ಹಿಡಿಯತೊಡಗಿದವು. ಡಾಕ್ಟರು ಸೈಕಲ್ ಬಿಡಿ ಎಂದರು. ನಾನು ಮನೆಗೆ ಬಂದು ರಸ್ತೆಯ ಗುಂಡಿಗಳನ್ನು ಬೈದೆ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ," ಅಂದಳು ಹೆಂಡತಿ. "ಅಂಗೆ ಬಗ್ಕಂಡು ತುಳುದ್ರೆ ಕತ್ತು ಇನ್ನೇನಾದಾತು? ಹ್ಯಾಂಡ್ಲು ಎತ್ತಿಸ್ಕಳಿ, ಇಲ್ಲಾಂದ್ರೆ ಸೈಕಲ್ ಮಾರ್‍ಬುಡಿ."

ಮಾತು ಸರಿಯಾಗಿತ್ತು, ಅದಕ್ಕೇ ನನಗೆ ಕೋಪ ಬಂತು. ನಮ್ಮ ಕಡೆ ಹ್ಯಾಂಡಲ್ ಎತ್ತಿಸುವವರು ಹಾಲಿನವರು ಮಾತ್ರ. ಹ್ಯಾಂಡಲಿನ ಎರಡೂ ಬದಿ ಕ್ಯಾನು ತೂಗುಹಾಕಿದರೆ ಮೊಣಕಾಲಿಗೆ ಬಡಿಯುತ್ತದೆಂದು ಎತ್ತಿಸುತ್ತಾರೆ. ಇಷ್ಟು ಓದಿ, ಇಷ್ಟು ಪಾಠ ಮಾಡಿ, ಇಂಥ ಸೈಕಲ್ ಕೊಂಡು ಕೊನೆಗೆ ಹಾಲಿನವನ ಹಾಗೆ ಕಾಣುವುದೇ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕು ಎನ್ನುವ ಜಾತಿ ನಾನು. ಆದರೆ ಎರಡು ಸಂತೆ ತಪ್ಪಿದ ಮೇಲೆ ಜುಟ್ಟು ಸಡಿಲವಾಯಿತು. ಮೂರನೆಯ ಸಂತೆಯ ದಿನ ಬೆಳಿಗ್ಗೆಯೇ ಹ್ಯಾಂಡ್‌ಪೋಸ್ಟಿನ ಸೈಕಲ್ ಅಂಗಡಿಗೆ ಹೋದೆ.

ರಿಪೇರಿಯವರು ನನ್ನ ವಯಸ್ಸಿನವರೇ. "ಎಷ್ಟು ಲೀಟ್ರು ಕ್ಯಾನು ಮೇಷ್ಟ್ರೇ?" ಎಂದರು.

"ಕ್ಯಾನಲ್ಲ ಕಣ್ರೀ, ಕತ್ತು."

ಅವರು ನನ್ನ ಮೊಣಕೈಯನ್ನು ಸೀಟಿನ ಮೂತಿಗೆ ಒತ್ತಿಸಿ, ಕೈಯನ್ನು ಮುಂದಕ್ಕೆ ಚಾಚಿಸಿದರು. ನಡುಬೆರಳು ಹ್ಯಾಂಡಲಿಗಿಂತ ಎಷ್ಟೋ ಹಿಂದೆ ನಿಂತಿತು. "ಇದು ನಿಮ್ಗಲ್ಲ ಮಾಡಿರಾದು. ನಿಮ್ಗಿಂತ ಒಂದಡಿ ಉದ್ದ ಇರೋನ್ಗೆ," ಎಂದು ನಕ್ಕರು. ಹ್ಯಾಂಡಲ್ ಬಿಚ್ಚಿ, ಕೆಳಗೊಂದು ಪೈಪು ಸೇರಿಸಿ, ನಾಲ್ಕು ಬೆರಳು ಎತ್ತರಿಸಿ, ನನ್ನ ಕಡೆಗೂ ಸ್ವಲ್ಪ ವಾಲಿಸಿ ಬಿಗಿದರು. ಎಡಕ್ಕೆ ತಿರುಗಿಸಿ ನೋಡಿದರೆ ಬ್ರೇಕು ತಾನಾಗಿಯೇ ಹಿಡಿದುಕೊಂಡಿತು. ಎತ್ತರಕ್ಕೆ ವೈರು ಸಾಲುತ್ತಿರಲಿಲ್ಲ. ಉದ್ದದ ವೈರು ಹಾಕಿಸಿಕೊಂಡು ಅಂತರಸಂತೆಯ ದಾರಿ ಹಿಡಿದೆ.

ಅರ್ಧ ದಾರಿಯಲ್ಲಿ ಟೀ ಅಂಗಡಿಯ ಹೆಂಗಸೊಬ್ಬಳು ಪಾತ್ರೆ ಹಿಡಿದು ರಸ್ತೆಗೇ ಇಳಿದಳು.

"ಏನಪ್ಪ ಇಷ್ಟೊತ್ತು? ಗಿರಾಕಿಗಳು ಕಾಯ್ತಾ ಕುಂತವ್ರೆ. ಎಲ್ಡು ಲೀಟ್ರು ಆಕು."

"ನಾನು ಹಾಲಿನವನಲ್ಲ ಕಣಮ್ಮ."

ಅವಳು ನಂಬಲಿಲ್ಲ. ಚೀಲದ ಮುಚ್ಚಳ ಎತ್ತಿ ನೋಡಿದಳು. ಒಳಗೆ ಪಂಪು, ಮಳೆಕೋಟು, ಅಕ್ಕನಿಗೆಂದು ತಂದ ಬಾಳೆಹಣ್ಣು. "ಮತ್ತೆ ಹ್ಯಾಂಡ್ಲು ಯಾಕೆ ಅಷ್ಟೆತ್ರ ಎತ್ತಿಸ್ಕಂಡಿದ್ದೀಯ?" ಎಂದು ನನ್ನನ್ನೇ ಗದರಿದಳು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಒಬ್ಬ ನನ್ನ ಹಳೆಯ ಶಿಷ್ಯನೇ ಇರಬೇಕು, ಮುಖ ಆಚೆ ತಿರುಗಿಸಿಕೊಂಡು ನಕ್ಕ.

ಸಿಟ್ಟಿನಿಂದ ಸೈಕಲನ್ನು ಹ್ಯಾಂಡ್‌ಪೋಸ್ಟಿನ ಕಡೆಗೇ ತಿರುಗಿಸಿದೆ. ಹ್ಯಾಂಡಲ್ ಇಳಿಸಿಬಿಡಿ ಎಂದು ಹೇಳಿಬಿಡುವುದೇ ಸರಿ. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಗೊತ್ತಾಯಿತು, ಕತ್ತು ನೋಯುತ್ತಿಲ್ಲ. ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದೆ, ಐದೂ ನನ್ನ ಮಾತು ಕೇಳಿದವು. ಮರ್ಯಾದೆ ಬೇಕೋ, ಅಕ್ಕ ಬೇಕೋ ಎಂದು ರಸ್ತೆಯ ಬದಿಯಲ್ಲಿ ನಿಂತು ಯೋಚಿಸಿದ್ದೂ ನಿಜ. ಯೋಚಿಸಬೇಕಾಯಿತಲ್ಲ ಎಂದು ಈಗ ನಾಚಿಕೆಯಾಗುತ್ತದೆ. ಮತ್ತೆ ತಿರುಗಿಸಿ, ಆ ಟೀ ಅಂಗಡಿಯ ಮುಂದೆ ಜೋರಾಗಿ ಬೆಲ್ಲು ಬಾರಿಸಿಕೊಂಡೇ ಹೋದೆ.

ಊರು ಇನ್ನೇನು ಬಂತು ಎನ್ನುವಾಗ, ತಿರುವಿನ ಹೊಂಗೆ ಮರದ ಕೆಳಗೆ ಯಾರೋ ಕೈ ಬೀಸುವುದು ಕಾಣಿಸಿತು. ಇನ್ನೊಬ್ಬರು ಹಾಲು ಕೇಳುವವರು ಎಂದುಕೊಂಡು ಮುಖ ಗಂಟು ಹಾಕಿಕೊಂಡೆ. ಹತ್ತಿರ ಹೋದರೆ ಅಕ್ಕ.

"ಇಲ್ಯಾಕಕ್ಕ ನಿಂತಿದ್ದೀಯ?"

"ನೀ ಬರೋ ದಿನ್ವೆಲ್ಲ ಇಲ್ಲೇ ಕಣ ನಿಲ್ಲೋದು. ಕೈ ಬೀಸ್ತಿದ್ದೆ. ನೀನು ನೆಲ ನೋಡ್ಕಂಡು ಒಂಟೋಯ್ತಿದ್ದೆ. ನೀ ಸಂತೇಲಿ ಎಲೆ ಅಡಿಕೆ ತಕ್ಕಂಡು ಬರೋ ಒತ್ಗೆ, ನಾನು ಅಡ್ಡದಾರೀಲಿ ಮನೆ ಸೇರ್ಕತಿದ್ದೆ."

ಪ್ರತಿ ವಾರವೂ ನಾನು ಹೋಗುವಾಗ ಅವಳು ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿರುತ್ತಿದ್ದಳು. ವಯಸ್ಸಾಯಿತು ಎಂದುಕೊಂಡಿದ್ದೆ. ಸೈಕಲ್ಲಿನಿಂದ ಇಳಿದು ಅವಳ ಪಕ್ಕ ನಿಂತೆ.

"ಒಂದು ಸಲ ಕೂಗಬಾರದಿತ್ತಾ?"

"ಸೈಕಲ್ ಮೇಲಿರೋನ್ನ ಕೂಗುದ್ರೆ ಗಾಬ್ರಿ ಬಿದ್ದು ಬಿದ್ದೋಯ್ತೀಯ ಅಂತ ಸುಮ್ನಿದ್ದೆ ಕಣೋ," ಅಂದಳು ಅಕ್ಕ.