ತಮಿಳು ಅಕ್ಷರದಲ್ಲಿ ಬಂದ ನಮ್ಮ ಮಾತು

೧೯೯೧ರಲ್ಲಿ, ಎಂಟನೇ ಕ್ಲಾಸಿಗೆ ನನ್ನ ಓದು ನಿಂತಿತು. ಓದಿದ್ದು ತಮಿಳಿನಲ್ಲಿ. ತಲೆಮಾರುಗಳಿಂದ ತಮಿಳುನಾಡಿನಲ್ಲಿರುವ ನಮ್ಮ ಜನಕ್ಕೆ ಕನ್ನಡ ಮನೆಯೊಳಗಿನ ಮಾತು. ಅದರ ಅಕ್ಷರ ಕಲಿತದ್ದು ಆಮೇಲೆ, ಮೈಸೂರಿನ ಮಂಡಿಗೆ ದ್ರಾಕ್ಷಿ ಲಾರಿಯ ಜೊತೆ ಹೋಗಿ ಬರುತ್ತಾ, ಅಂಗಡಿ ಬೋರ್ಡುಗಳನ್ನು ನೋಡಿ. ಯಾರ ಮುಂದೆಯೂ ಕೈಚಾಚದೆ ಕಂಬಂ ಹತ್ತಿರ ಎರಡು ಎಕರೆ ದ್ರಾಕ್ಷಿ ಚಪ್ಪರ ಎಬ್ಬಿಸಿದವನು ನಾನು. ನನಗೆ ಯಾರೂ ಟೋಪಿ ಹಾಕಲಾರರು ಎಂದುಕೊಂಡಿದ್ದೆ.

ಹೋದ ವರ್ಷ ಫೋನಿಗೆ ಒಂದು ಸಂದೇಶ ಬಂತು. ನಮ್ಮ ಜನರ ಮದುವೆಗಿರುವ ಗಂಡು ಹೆಣ್ಣುಗಳ ಪಟ್ಟಿ ಮಾಡುತ್ತಿದ್ದೇವೆ, ಫಾರಂ ತುಂಬಿ ಅಂತ. ಅಕ್ಷರ ತಮಿಳು, ಮಾತು ನಮ್ಮ ಮನೆಯ ಕನ್ನಡ. ನಾವು ಬರೆಯುವುದೇ ಹಾಗೆ. ಹೊರಗಿನವನಿಗೆ ಅದರ ತಲೆಬುಡ ತಿಳಿಯದು. ಹಾಗಾದರೆ ನಮ್ಮವರೇ, ಇನ್ನೇನು ಭಯ? ಮಗಳು ಬತ್ತಲಗುಂಡಿನ ಹಾಸ್ಟೆಲಿನಲ್ಲಿದ್ದುಕೊಂಡು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಫೋಟೋ, ನಕ್ಷತ್ರ, ಕುಲ, ಆಧಾರ್, ಫೋನ್ ನಂಬರ್, ಹಾಸ್ಟೆಲಿನ ವಿಳಾಸ, ಎಲ್ಲ ತುಂಬಿದೆ. ಹೆಣ್ಣಿನ ನಕ್ಷತ್ರವನ್ನು ಸೋದರಮಾವನ ಮನೆಯಲ್ಲಿ ಕೂತು, ಬಂದವರ ಕುಲ ಕೇಳಿದ ಮೇಲಷ್ಟೇ ಹೇಳುವವರು ನಾವು. ಆವತ್ತು ಮಗಳನ್ನೂ ಕೇಳಲಿಲ್ಲ.

ಹತ್ತು ದಿನಕ್ಕೆ ಮಗಳಿಗೆ ಗುರುತಿಲ್ಲದವರ ಫೋನು ಶುರುವಾಯಿತು. ಮೊದಲು ಜಾತಕದ ದೋಷ ಕಳೆಯುತ್ತೇವೆ ಅಂದವರು, ಆಮೇಲೆ ಅವಳ ಫೋಟೋ ಇಟ್ಟುಕೊಂಡು ಹಲ್ಲು ಕಿರಿಯುವ ಗಂಡಸರು. ಒಬ್ಬನಂತೂ ಹಾಸ್ಟೆಲಿನ ಗೇಟಿಗೇ ಬಂದು ಅವಳ ನಕ್ಷತ್ರ ಹೇಳಿ ಕರೆದನಂತೆ. ಥೂ!

ಪಟ್ಟಿ ಮಾಡಿದವನು ಆಂಡಿಪಟ್ಟಿಯವನು, ದೂರದ ಸಂಬಂಧದಲ್ಲಿ ನನಗೆ ಅಳಿಯ. ಹೋಗಿ ಹಿಡಿದೆ. ಟೀ ಅಂಗಡಿಗೆ ಕರೆದುಕೊಂಡು ಹೋದ.

"ಮದುವೆ ಕಂಪೆನಿಯೋರು ಕೇಳಿದ್ರು, ಕೊಟ್ಟೆ. ಅದ್ರಾಗ ಏನೈತೆ ಮಾಮಾ? ರೇಷನ್ ಅಂಗ್ಡೀಲಿ ಹೆಬ್ಬೆಟ್ಟು ಒತ್ತಲ್ವಾ? ಸಿಮ್ಮಿಗೆ ಆಧಾರ್ ಕೊಡಲ್ವಾ? ಮುಚ್ಚಿಕ್ಕೋಕೆ ನೀವೇನು ಕಲೆಕ್ಟ್ರಾ?"

ಬೆಂಚಿನ ಮೇಲಿದ್ದ ನಮ್ಮ ಜನವೆಲ್ಲ ನಕ್ಕಿತು. "ದ್ರಾಕ್ಷಿ ಬಿಟ್ರೆ ಮಾಮನ ಹತ್ರ ಕದಿಯೋಕೆ ಏನೈತೆ ಬಿಡು," ಅಂದ ಒಬ್ಬ. ಅವನ ಮಗಳ ಹೆಸರೂ ಆ ಪಟ್ಟಿಯಲ್ಲಿತ್ತು.

"ನಿನ್ನ ಮಗಳ ಫೋಟೋನ ನಂಬರ್ ಸಮೇತ ಈ ಗೋಡೆಗೆ ಅಂಟಿಸ್ಲೇನಪ್ಪಾ?" ಅಂದೆ.

ಹೊಡೆಯಲು ಎದ್ದ. ಗೋಡೆಯ ಮೇಲಾದರೆ ಮಾನ ಹೋಗುತ್ತದೆ, ಊರೂರಿನ ಫೋನಿನಲ್ಲಾದರೆ ಏನೂ ಇಲ್ಲ! ಟೀ ಅಲ್ಲೇ ಚೆಲ್ಲಿ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ನಾನು ಮಾಡಿದ್ದು ನೆನಪಾಯಿತು. ಆ ಫಾರಮ್ಮಿನಲ್ಲಿ ಒಂದು ಖಾನೆಯನ್ನೂ ಖಾಲಿ ಬಿಡದೆ, ಮೀಸೆ ತಿರುವುತ್ತಾ ತುಂಬಿದವನು ನಾನೇ ತಾನೆ?

ಭಾನುವಾರ ಮಗಳು ಮನೆಗೆ ಬಂದು, ನನ್ನೆದುರೇ ಸಿಮ್ ತೆಗೆದು ಮುರಿದಳು.

"ಅಪ್ಪಾ, ನನ್ನ ಒಂದು ಮಾತು ಕೇಳ್ಬೇಕು ಅಂತ ಅನ್ನಿಸ್ಲೇ ಇಲ್ವಾ?"

"ನಮ್ಮೋರು ಅಂತ ನಂಬಿ..."

"ನಿಮ್ಮೋರು," ಅಂದಳು. ಹಾಸ್ಟೆಲನ್ನೂ ಬದಲಿಸಿದಳು.

ಈಗ ನನ್ನ ಹತ್ತಿರ ಎರಡು ಎಕರೆ ಚಪ್ಪರ ಇದೆ, ಒಂದು ಬೋರು, ಒಂದು ಮಿನಿ ಲಾರಿ. ಫೋನಿನಲ್ಲಿ ನಮ್ಮ ಜನರ ನಾನ್ನೂರು ಚಿಲ್ಲರೆ ನಂಬರುಗಳಿವೆ. ಮಗಳ ಹೊಸ ನಂಬರ್ ಇಲ್ಲ. ಅದು ಅವಳ ತಾಯಿಯ ಫೋನಿನಲ್ಲಿದೆ.