ಕದರಯ್ಯನವರ ಜಿಲೇಬಿ ಹೊಂಡ

ಗುಬ್ಬಿಯಿಂದ ಹಾಗಲವಾಡಿಗೆ ಓಡುತ್ತಿದ್ದ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಷ್ಟು ಕಾಲವೂ ಕದರಯ್ಯ ಕೈ ಅಡ್ಡ ಹಾಕಿದವರನ್ನು ಬಿಟ್ಟು ಬಂದವರಲ್ಲ. ಒಳಗೆ ಉಸಿರಾಡಲು ಜಾಗವಿಲ್ಲದಿದ್ದರೂ "ಹಿಂದೆ ಖಾಲಿ ಐತೆ, ಸರ್ಕೊಳ್ರಪ್ಪಾ" ಎನ್ನುವರು. ಆ ಖಾಲಿ ಜಾಗವನ್ನು ಅವರೊಬ್ಬರನ್ನು ಬಿಟ್ಟು ಬೇರೆ ಯಾರೂ ಕಂಡಿರಲಿಲ್ಲ.

ಮಂಡಿನೋವು ಶುರುವಾಗಿ ಕೆಲಸ ಬಿಟ್ಟ ಮೇಲೆ, ತೊಂಬತ್ತೆಂಟನೇ ಇಸವಿಯಲ್ಲಿ, ತೋಟದ ಹೊಂಡದಲ್ಲಿ ಮೀನು ಸಾಕುವ ಮನಸ್ಸಾಯಿತು. ತಿಲಾಪಿಯ; ಊರವರ ಬಾಯಲ್ಲಿ ಜಿಲೇಬಿ ಮೀನು. ಕೆರೆಗಳಲ್ಲಿ ಬಲೆ ಬೀಸಿ ಬದುಕುವ ಮಹಾದೇವಯ್ಯ ಮರಿ ತಂದುಕೊಟ್ಟು, "ಈ ಹೊಂಡಕ್ಕೆ ಒಂದು ಬಿಂದಿಗೆ ಸಾಕು ಕಣಣ್ಣೋ" ಎಂದ. ಕದರಯ್ಯ ನಾಲ್ಕು ಬಿಂದಿಗೆ ಸುರಿಸಿದರು.

"ಅಷ್ಟಗಲ ನೀರೈತೆ. ಸರ್ಕೊಳ್ತವೆ ಬುಡು."

ಸರಿದುಕೊಂಡವೇನೋ ನಿಜ, ಬೆಳೆಯಲಿಲ್ಲ. ತಿಂಗಳುಗಳು ಕಳೆದರೂ ಬೆರಳುದ್ದ ದಾಟಲಿಲ್ಲ. ಹೊಟ್ಟೆಗೆ ಸಾಲದೇನೋ ಎಂದು ಕಡಲೆಕಾಯಿ ಹಿಂಡಿ, ತೌಡು ಮಂಕರಿಗಟ್ಟಲೆ ಸುರಿದರು. ತಿಂದು ಮಿಕ್ಕಿದ್ದು ತಳದಲ್ಲಿ ಕೊಳೆತು ನೀರು ನಾರತೊಡಗಿತು. ಒಂದು ಬೆಳಿಗ್ಗೆ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಕದರಯ್ಯ ಹೆಂಡತಿ ಪುಟ್ಟಗಂಗಮ್ಮನನ್ನು ಕರೆದು ತೋರಿಸಿದರು.

"ನೋಡೇ, ನನ್ನ ಕಂಡ್ರೆ ಎಷ್ಟು ಪ್ರೀತಿ!"

"ಪ್ರೀತಿನೂ ಇಲ್ಲ, ಏನೂ ಇಲ್ಲ. ಉಸ್ರು ಸಿಗ್ತಿಲ್ಲ ಅವಕ್ಕೆ."

ಮಾತಿಗೆ ಮಾತು ಬೆಳೆದು ಕೊನೆಗೆ ಹೊಂಡವೇ ಪಾಲಾಯಿತು. ಬೇಸಿಗೆಯಲ್ಲಿ ನೀರಿಳಿದಾಗ ನಡುವೆ ಮಣ್ಣಿನ ಬದು ಹಾಕಿಸಿ, ಎರಡೂ ಕಡೆ ಬೋರಿನ ಹೊಸ ನೀರು ಬಿಟ್ಟರು. ಪುಟ್ಟಗಂಗಮ್ಮ ತಮ್ಮ ಪಾಲಿನಲ್ಲಿ ಕೆಲವೇ ಮೀನು ಉಳಿಸಿಕೊಂಡು ಮಿಕ್ಕಿದ್ದನ್ನು ಬೀದಿಯವರಿಗೆಲ್ಲ ಹಂಚಿದರು. ಬೆಳಿಗ್ಗೆ ಒಂದು ಹಿಡಿ ಹಿಂಡಿ ಹಾಕಿ ನಿಂತು ನೋಡುವರು. ಅದು ಮುಗಿದರೆ ಮಾತ್ರ ಇನ್ನೊಂದು ಹಿಡಿ. ಮೀನು ಮರಿ ಹಾಕಿದ್ದು ಕಂಡರೆ ಹಳೇ ಪಂಚೆಯಲ್ಲಿ ಸೋಸಿ ತೆಗೆಸುವರು.

ದೀಪಾವಳಿಯ ಹೊತ್ತಿಗೆ ಅವರ ಮೀನು ಅಂಗೈ ಮೀರಿ ಬೆಳೆದವು. ಗಂಡನ ಪಾಲಿನವು ಸಂತಾನವನ್ನಷ್ಟೇ ಬೆಳೆಸಿಕೊಂಡಿದ್ದವು. "ನನ್ ಕಡೆ ಬಿಸ್ಲು ಬೀಳಲ್ಲ" ಎಂದು ಕದರಯ್ಯ ತೆಂಗಿನ ಮರಗಳನ್ನು ಬೈದುಕೊಂಡರು.

ಒಂದು ಮಧ್ಯಾಹ್ನ ಪುಟ್ಟಗಂಗಮ್ಮ ಊಟಕ್ಕೆ ಕರೆಯಲು ಬಂದರೆ ಯಜಮಾನರು ಸೊಂಟಮಟ್ಟದ ನೀರಿನಲ್ಲಿದ್ದರು. ಅದೂ ಹೆಂಡತಿಯ ಪಾಲಿನಲ್ಲಿ. ಮಾರನೆಯ ದಿನ ಮಹಾದೇವಯ್ಯ ಮೀನು ನೋಡಲು ಬರುವವನಿದ್ದ. ದಪ್ಪನೆಯ ಮೀನೊಂದನ್ನು ಟವೆಲಿನಲ್ಲಿ ಸುತ್ತಿ ಬದುವಿನಾಚೆ ದಾಟಿಸುವ ಕೆಲಸ ನಡೆದಿತ್ತು.

"ಏನ್ರೀ ಅದು?"

ಕದರಯ್ಯ ಬೆಚ್ಚಿಬಿದ್ದರು. ಮೀನು ಜಾರಿ, ಬಾಲದಿಂದ ಅವರ ಕೆನ್ನೆಗೊಂದು ಬಾರಿಸಿ ನೀರಿಗೆ ಬಿತ್ತು.

"ಅದೇ ಆ ಕಡೆ ಹೊಂಟಿತ್ತು ಕಣೇ. ದಾರಿ ತೋರಿಸ್ತಿದ್ದೆ ಅಷ್ಟೆ."

ಪುಟ್ಟಗಂಗಮ್ಮ ನಕ್ಕು ನಕ್ಕು ಬದುವಿನ ಮೇಲೇ ಕುಳಿತುಬಿಟ್ಟರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ?" ಎಂದರು. ಆ ಮಾತು ಕದರಯ್ಯನವರಿಗೆ ಮೀನಿನ ಏಟಿಗಿಂತ ಜೋರಾಗಿ ತಾಕಿತು. ಅಂದು ಅವರು ಸಾರು ಇನ್ನೊಂದು ಸಲ ಕೇಳಲಿಲ್ಲ.

ಮಾರನೆಯ ದಿನ ಮಹಾದೇವಯ್ಯನಿಂದ ತಾವೇ ತಮ್ಮ ಪಾಲಿಗೆ ಬಲೆ ಹಾಕಿಸಿದರು. ಪುಟಾಣಿ ಮೀನು ಮಂಕರಿ ಮಂಕರಿ ಮೇಲೆ ಬಂದವು. ಪ್ರತಿ ಸಲವೂ "ಸಾಕು ಬುಡಯ್ಯ, ಪಾಪ" ಎನ್ನುವರು. ಹೆಂಡತಿ ಅತ್ತ ತಿರುಗಿದೊಡನೆ "ಹೂಂ, ಇನ್ನೊಂದ್ ಕಿತ ಹಾಕು" ಎನ್ನುವರು. ಕೊನೆಗೆ ನಡುವಿನ ಬದುವನ್ನೂ ಒಡೆಸಿದರು.

ಮುಂದಿನ ವರ್ಷಗಳಲ್ಲಿ ಸಿ.ಎಸ್. ಪುರದ ಕಡೆಯಿಂದಲೂ ಜನ ಹೊಂಡ ನೋಡಲು ಬಂದರು.

"ಮೀನಿಗೆ ಮೊದ್ಲು ಜಾಗ ಬೇಕು, ಆಮೇಲೆ ಹೊಟ್ಟೆ ನೋಡಿ ಹಾಕ್ಬೇಕು. ಇದನ್ನ ನಮ್ಮನೆಯೋಳಿಗೆ ಕಲಿಸೋಕೆ ನಾನು ಪಟ್ಟ ಪಾಡು ಆ ಶಿವನಿಗೇ ಗೊತ್ತು" ಎಂದು ಕದರಯ್ಯ ಅವರಿಗೆಲ್ಲ ಹೇಳುವರು.

ಪುಟ್ಟಗಂಗಮ್ಮನಿಗೆ ಎಲ್ಲವೂ ಕೇಳಿಸುತ್ತಿತ್ತು. ಒಲೆಯ ಮೇಲಿನ ಮೀನುಸಾರಿನ ಉರಿ ತಗ್ಗಿಸಿ, "ಎಷ್ಟು ಜನ ಅವ್ರೆ? ಮುದ್ದೆ ಕಟ್ಬೇಕು" ಎಂದಷ್ಟೇ ಕೂಗಿ ಕೇಳುವರು.